ಸೇವೆಯ ಬೋರ್ಡು, ಗಲ್ಲಾಪೆಟ್ಟಿಗೆಯ ಬೀಗ

"ನಮ್ಮದು ವ್ಯಾಪಾರವಲ್ಲ, ಸೇವೆ."

ಕರ್ನಾಟಕದ ಖಾಸಗಿ ಕಾಲೇಜುಗಳ ವಾರ್ಷಿಕೋತ್ಸವಕ್ಕೆ ನಾಲ್ಕು ಸಲ ಹೋದವರಿಗೆ ಈ ವಾಕ್ಯ ಬಾಯಿಪಾಠವಾಗಿರುತ್ತದೆ. ಅಧ್ಯಕ್ಷರ ಭಾಷಣದಲ್ಲಿ ಅದು ಬರುತ್ತದೆ. ಪ್ರಾಸ್ಪೆಕ್ಟಸ್ಸಿನ ಮೊದಲ ಪುಟದಲ್ಲಿ, ಸಂಸ್ಥಾಪಕರ ಭಾವಚಿತ್ರದ ಕೆಳಗೆ ಬರುತ್ತದೆ. ಸಂಬಳ ಹೆಚ್ಚಿಸಿ ಎಂದು ಕೇಳಲು ಹೋದ ಮೇಷ್ಟ್ರಿಗೆ ಸಿಗುವ ಉತ್ತರದಲ್ಲೂ ಬರುತ್ತದೆ. ಅದೇ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಇನ್ನೊಂದು ದಿನ ನಾವು, ಅಂದರೆ ಸಾಹಿತ್ಯ, ಸಮಾಜ ಎಂದು ತಲೆ ಕೆಡಿಸಿಕೊಂಡವರು ಸೇರಿ 'ಶಿಕ್ಷಣದ ವ್ಯಾಪಾರೀಕರಣ'ದ ಬಗ್ಗೆ ಪ್ರಬಂಧ ಮಂಡಿಸುತ್ತೇವೆ. ಮಧ್ಯಾಹ್ನ ಊಟ ಮಾಡಿ, ಸರ್ಟಿಫಿಕೇಟು ಇಸಿದುಕೊಂಡು ಮನೆಗೆ ಬರುತ್ತೇವೆ.

ಮೇಲುನೋಟಕ್ಕೆ ಇವೆರಡು ಎದುರುಬದುರು ನಿಂತ ಮಾತುಗಳು. ಒಳಗೆ ಎರಡಕ್ಕೂ ಒಂದೇ ನಂಬಿಕೆ: ಸೇವೆ ಮಡಿ, ವ್ಯಾಪಾರ ಮೈಲಿಗೆ. ಅಧ್ಯಕ್ಷರು ತಾವು ಮಡಿಯಲ್ಲಿದ್ದೇವೆ ಎನ್ನುತ್ತಾರೆ, ನಾವು ಅವರು ಮೈಲಿಗೆಯಾಗಿದ್ದಾರೆ ಎನ್ನುತ್ತೇವೆ. ಮಡಿಯ ಭಾಷೆಯಲ್ಲಿ ಜಗಳವಾಡುವವರೆಗೂ ಲೆಕ್ಕದ ಪುಸ್ತಕ ಯಾರ ಕೈಗೂ ಸಿಗುವುದಿಲ್ಲ. ನನ್ನ ತಕರಾರು ಇಬ್ಬರ ಮೇಲೂ ಇದೆ.

ಲಾಭರಹಿತ ಸಂಸ್ಥೆಗೂ ಲಾಭಕ್ಕಾಗಿ ನಡೆಯುವ ಉದ್ದಿಮೆಗೂ ಇರುವ ವ್ಯತ್ಯಾಸವನ್ನು ಮನಸ್ಸಿನಲ್ಲಿ ಹುಡುಕಬಾರದು, ಗಲ್ಲಾಪೆಟ್ಟಿಗೆಯ ಬೀಗದಲ್ಲಿ ಹುಡುಕಬೇಕು. ಇಷ್ಟು ಸರಳವಾದದ್ದನ್ನು ನಾವು ಮರೆತಿರುವುದರಿಂದ ಮೂರು ಜನಕ್ಕೆ ಮೋಸವಾಗುತ್ತಿದೆ: ಶುಲ್ಕ ಕಟ್ಟುವವರಿಗೆ, ತೆರಿಗೆ ಕಟ್ಟುವವರಿಗೆ ಮತ್ತು ಅಲ್ಲಿ ದುಡಿಯುವವರಿಗೆ.

ಊರಿನ ಕಿರಾಣಿ ಅಂಗಡಿಯನ್ನೇ ತೆಗೆದುಕೊಳ್ಳಿ. ರಾತ್ರಿ ಗಲ್ಲಾ ಎಣಿಸಿ, ಸಾಮಾನಿನ ದುಡ್ಡು, ಬಾಡಿಗೆ, ಹುಡುಗರ ಸಂಬಳ, ತೆರಿಗೆ ಎಲ್ಲ ಕಳೆದ ಮೇಲೆ ಉಳಿದದ್ದು ಅಂಗಡಿಯವರದು. ಅದರಲ್ಲಿ ಅವರು ಮಗಳ ಮದುವೆ ಮಾಡಬಹುದು, ಇನ್ನೊಂದು ಅಂಗಡಿ ತೆರೆಯಬಹುದು, ಅಂಗಡಿಯನ್ನೇ ಮಾರಿ ಕಾಶಿಗೆ ಹೋಗಬಹುದು. ಯಾಕೆ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಕಂಪನಿಯೂ ಈ ಅಂಗಡಿಯದೇ ದೊಡ್ಡ ರೂಪ. ಉಳಿದ ದುಡ್ಡು ಷೇರುದಾರರದು.

ಟ್ರಸ್ಟಿನಲ್ಲೂ ಗಲ್ಲಾ ಎಣಿಸುತ್ತಾರೆ. ಅಲ್ಲೂ ಖರ್ಚು ಕಳೆದು ದುಡ್ಡು ಉಳಿಯಬಹುದು, ಉಳಿಯಲೂಬೇಕು. ಉಳಿಯದಿದ್ದರೆ ಮುಂದಿನ ಮಳೆಗಾಲಕ್ಕೆ ಮಾಡು ಸೋರುತ್ತದೆ. ಆದರೆ ಉಳಿದದ್ದು ಯಾರ ಜೇಬಿಗೂ ಹೋಗುವಂತಿಲ್ಲ, ಯಾವ ಕೆಲಸಕ್ಕೆಂದು ಸಂಸ್ಥೆ ಹುಟ್ಟಿತೋ ಆ ಕೆಲಸಕ್ಕೇ ಹಿಂದಿರುಗಬೇಕು. 2013ರ ಕಂಪನಿ ಕಾಯ್ದೆಯ ಎಂಟನೇ ಸೆಕ್ಷನ್ನಿನ ಪ್ರಕಾರ ನೋಂದಣಿಯಾದ ಕಂಪನಿ ತನ್ನ ಸದಸ್ಯರಿಗೆ ಲಾಭಾಂಶ ಹಂಚುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆ ಹಾಕಿಕೊಟ್ಟ ಲೆಕ್ಕದಲ್ಲಿ, ವಿನಾಯಿತಿ ಬೇಕಾದರೆ ಧರ್ಮಾರ್ಥ ಸಂಸ್ಥೆಯೊಂದು ಸಾಮಾನ್ಯವಾಗಿ ವರಮಾನದ ಶೇಕಡ 85ರಷ್ಟನ್ನು ತನ್ನ ಉದ್ದೇಶಕ್ಕೆ ಬಳಸಬೇಕು. ಸಂಸ್ಥಾಪಕರಿಗೂ ಅವರ ನೆಂಟರಿಗೂ ಅನುಚಿತ ಲಾಭ ಹೋದರೆ ಆ ವಿನಾಯಿತಿಗೇ ಕುತ್ತು. ಅಮೆರಿಕದ ಕಾನೂನು ಪ್ರಾಧ್ಯಾಪಕ ಹೆನ್ರಿ ಹ್ಯಾನ್ಸ್‌ಮನ್ 1980ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಇದನ್ನೇ ಲಾಭರಹಿತ ಸಂಸ್ಥೆಯ ಮೂಲ ಲಕ್ಷಣವೆಂದು ಗುರುತಿಸಿದರು. ಅಂಥ ಸಂಸ್ಥೆ ಗಳಿಸಬಹುದು, ಹಂಚಿಕೊಳ್ಳುವಂತಿಲ್ಲ.

ಆದ್ದರಿಂದ 'ಅವರು ಇಷ್ಟೊಂದು ಶುಲ್ಕ ತೆಗೆದುಕೊಳ್ಳುತ್ತಾರೆ, ಅದು ಹೇಗೆ ಸೇವಾ ಸಂಸ್ಥೆ?' ಎಂಬ ನಮ್ಮ ಮೊದಲ ಪ್ರಶ್ನೆಯೇ ಗುರಿ ತಪ್ಪಿದೆ. ಮಧುರೈಯಲ್ಲಿ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಹನ್ನೊಂದು ಹಾಸಿಗೆಗಳಿಂದ ಶುರುಮಾಡಿದ ಅರವಿಂದ ಕಣ್ಣಾಸ್ಪತ್ರೆಯನ್ನು ನೋಡಿ. ದುಡ್ಡಿದ್ದವರಿಂದ ಶುಲ್ಕ ಪಡೆದು, ಉಳಿದ ಹಣದಲ್ಲಿ ಬಡವರಿಗೆ ಬಿಟ್ಟಿಯಾಗಿಯೋ ತೀರಾ ಕಡಿಮೆ ಬೆಲೆಗೋ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡುತ್ತಾ ಅದು ಬೆಳೆಯಿತು. ಹೊರದೇಶದಿಂದ ತರಿಸುತ್ತಿದ್ದ ಕಣ್ಣೊಳಗಿನ ಮಸೂರ ದುಬಾರಿ ಎಂದು 1992ರಲ್ಲಿ ಆರೋಲ್ಯಾಬ್ ಎಂಬ ಕಾರ್ಖಾನೆಯನ್ನೇ ತೆರೆದರು. ಅಲ್ಲಿ ಶುಲ್ಕವಿದೆ, ಮಿಗುತಾಯವಿದೆ, ಕಾರ್ಖಾನೆಯೂ ಇದೆ. ಆದರೆ ಮಿಕ್ಕ ದುಡ್ಡು ಮುಂದಿನ ರೋಗಿಯ ಕಣ್ಣಿಗೆ ಹೋಗುತ್ತದೆ.

ಮಿಕ್ಕಿದ್ದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಕನ್ನಡಕ್ಕೆ ಹೊಸದೇನಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನ ಕಥೆ ನಮಗೆಲ್ಲ ಗೊತ್ತು. ಒಂದು ದಿನ ಅವನು ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ತಡೆದಳು, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದಳು. ಅವಳ ಮಾತಿನಲ್ಲಿ ಮನಸ್ಸಿನ ಆಸೆಯ ಪ್ರಶ್ನೆಯೂ ಇದೆ, ನಿಜ. ಆದರೆ ಆ ಪ್ರಶ್ನೆ ಹುಟ್ಟಿದ್ದು ಅಳತೆಯಿಂದ. ದಿನವೂ ಎಷ್ಟು ಬರುತ್ತದೆ, ಎಷ್ಟು ಸಾಕು, ಇಂದು ಎಷ್ಟು ಬಂದಿದೆ ಎಂಬ ಲೆಕ್ಕ ಅವಳಿಗೆ ತಿಳಿದಿತ್ತು. ದಾಸೋಹದ ಬಗ್ಗೆ ಭಾಷಣ ಮಾಡುವ ನಾವು ಆಯ್ದಕ್ಕಿ ಲಕ್ಕಮ್ಮನ ಭಕ್ತಿಯನ್ನು ಹೊಗಳಿ, ಅವಳ ಲೆಕ್ಕವನ್ನು ಬಿಟ್ಟುಬಿಡುತ್ತೇವೆ.

ವ್ಯಾಪಾರದ ಬಗೆಗಿನ ನಮ್ಮ ತಾತ್ಸಾರಕ್ಕೂ ಆಧಾರ ಕಡಿಮೆ. ಗಳಗನಾಥರು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅದು ವ್ಯಾಪಾರವೇ. ಕನ್ನಡದಲ್ಲಿ ಓದುವ ಅಭ್ಯಾಸವನ್ನು ಬೆಳೆಸಿದ್ದರಲ್ಲಿ ಆ ಹೊರೆಯ ಪಾಲು ಎಷ್ಟು ದೊಡ್ಡದೆಂದು ಸಾಹಿತ್ಯ ಚರಿತ್ರೆ ಓದಿದವರಿಗೆ ಹೇಳಬೇಕಾಗಿಲ್ಲ. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕಟ್ಟಿಕೊಂಡು ಪುಸ್ತಕ ಮಾರಿತು. ಜಿ.ಬಿ. ಜೋಶಿಯವರ ಆ ಅಟ್ಟ ಇಲ್ಲದಿದ್ದರೆ ಆಧುನಿಕ ಕನ್ನಡ ಸಾಹಿತ್ಯದ ಕಥೆ ಬೇರೆಯೇ ಆಗುತ್ತಿತ್ತು. ಇತ್ತ 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ ಊರವರು ಕಟ್ಟಿಕೊಂಡ ಸಂಘ. ಅಲ್ಲಿ ಮಾಲೀಕರಿಲ್ಲ, ಲಾಭಾಂಶವಿಲ್ಲ. ಒಂದು ವ್ಯಾಪಾರ, ಒಂದು ಸಂಘ. ಇವುಗಳಲ್ಲಿ ಯಾವುದು ಹೆಚ್ಚು ಪವಿತ್ರ ಎಂದು ಕೇಳುವುದು ಪೆದ್ದುತನ. ಎರಡೂ ತಮ್ಮ ತಮ್ಮ ಹೆಸರಿಗೆ ತಕ್ಕ ಹಾಗೆ ಬದುಕಿದವು. ಪುಸ್ತಕ ಮಾರುವವರು ಮಾರುತ್ತೇವೆ ಎಂದರು, ಸಂಘ ಕಟ್ಟಿದವರು ಸಂಘವಾಗಿ ನಡೆಸಿದರು. ಒಂದರ ಹೆಸರು ಹೇಳಿ ಇನ್ನೊಂದರ ಕೆಲಸ ಮಾಡಿದಾಗ ತೊಂದರೆ ಶುರುವಾಗುತ್ತದೆ. ಕರ್ನಾಟಕದಲ್ಲಿ ಆ ತೊಂದರೆಯ ದೊಡ್ಡ ಹೆಸರು ಖಾಸಗಿ ಶಿಕ್ಷಣ.

ನಮ್ಮಲ್ಲಿ ಮಾನ್ಯತೆ ಪಡೆದ ಖಾಸಗಿ ಶಾಲೆ, ಕಾಲೇಜುಗಳ ಹಿಂದೆ ಸಾಮಾನ್ಯವಾಗಿ ಒಂದು ಟ್ರಸ್ಟು, ಒಂದು ಸೊಸೈಟಿ ಅಥವಾ ಎಂಟನೇ ಸೆಕ್ಷನ್ನಿನ ಕಂಪನಿ ಇರುತ್ತದೆ. ಕಾಗದದ ಮೇಲೆ ಇಡೀ ಕ್ಷೇತ್ರವೇ ಲಾಭರಹಿತ. ಆದರೂ ಸೀಟಿಗಾಗಿ ಕೇಳುವ 'ಡೊನೇಷನ್' ತಡೆಯಲು 1984ರಲ್ಲಿ ಈ ರಾಜ್ಯ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತರಬೇಕಾಯಿತು. ದಾನ ಎಂಬ ಅರ್ಥದ ಇಂಗ್ಲಿಷ್ ಪದ ನಮ್ಮ ಬೀದಿಯಲ್ಲಿ ಲಂಚಕ್ಕೆ ಹತ್ತಿರದ ಅರ್ಥ ಪಡೆದದ್ದು ಹೀಗೆ. ಕಾಯ್ದೆ ಬಂದ ಮೇಲೂ, 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರವೇ, ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000. ಆ ಅರವತ್ತು ಸಾವಿರ ಕಟ್ಟಲಾಗದೆ ತುಮಕೂರಿನ ಕಾಲೇಜೊಂದರಲ್ಲಿ ಸೀಟು ಸಿಗದ ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಶಿಕ್ಷಣ ಒಂದು ಹಕ್ಕು, ಕ್ಯಾಪಿಟೇಶನ್ ಶುಲ್ಕ ಅದಕ್ಕೆ ವಿರುದ್ಧ ಎಂದು 1992ರಲ್ಲಿ ಹೇಳಿದ ಮೋಹಿನಿ ಜೈನ್ ತೀರ್ಪು ಬಂದದ್ದು ಹಾಗೆ.

ಹತ್ತು ವರ್ಷದ ನಂತರ ಇನ್ನೊಂದು ತೀರ್ಪು, ಅದೂ ಕರ್ನಾಟಕದ್ದೇ. 2002ರ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಶಿಕ್ಷಣ ಸಂಸ್ಥೆ ನಡೆಸುವುದು ಸಂವಿಧಾನ ರಕ್ಷಿಸುವ ಒಂದು ವೃತ್ತಿ ಎಂದಿತು. ಸಂಸ್ಥೆಯ ಬೆಳವಣಿಗೆಗೆ ಬೇಕಾದ ನ್ಯಾಯವಾದ ಮಿಗುತಾಯ ಇರಬಹುದು, ಆದರೆ ಲಾಭಕೋರತನ ಮತ್ತು ಕ್ಯಾಪಿಟೇಶನ್ ಶುಲ್ಕ ಕೂಡದು ಎಂದೂ ಹೇಳಿತು. 2022ರ ನ್ಯೂ ನೋಬಲ್ ತೀರ್ಪಿನಲ್ಲಿ, ತೆರಿಗೆ ವಿನಾಯಿತಿ ಬೇಕೆನ್ನುವ ಶಿಕ್ಷಣ ಸಂಸ್ಥೆ ಶಿಕ್ಷಣಕ್ಕಾಗಿಯೇ ಇರಬೇಕು, ಲಾಭದ ಉದ್ದೇಶ ಕೂಡದು ಎಂದು ಕೋರ್ಟು ಇನ್ನಷ್ಟು ಬಿಗಿ ಮಾಡಿತು. ಬೀಗ ಇರಬೇಕೆಂದು ಕಾನೂನು ಮತ್ತೆ ಮತ್ತೆ ಹೇಳಿದೆ.

ಬೀಗ ಮುರಿಯದೆ ಪೆಟ್ಟಿಗೆ ಬರಿದು ಮಾಡುವ ವಿದ್ಯೆ ಮಾತ್ರ ಬೆಳೆದಿದೆ. ಲಾಭಾಂಶ ಹಂಚುವಂತಿಲ್ಲವೇ? ಜಾಗವನ್ನೂ ಕಟ್ಟಡವನ್ನೂ ಸಂಸ್ಥಾಪಕರ ಮನೆಯವರ ಹೆಸರಿನಲ್ಲಿಟ್ಟು ಟ್ರಸ್ಟಿನಿಂದ ಬಾಡಿಗೆ ಪಡೆಯಬಹುದು. ಮಗ ನಿರ್ದೇಶಕ, ಸೊಸೆ ಆಡಳಿತಾಧಿಕಾರಿ, ಅಳಿಯ ಸಲಹೆಗಾರ ಆಗಬಹುದು. ಹೊಸ ಬ್ಲಾಕಿನ ಕಾಂಟ್ರಾಕ್ಟು, ಬಸ್ಸು, ಸಮವಸ್ತ್ರ, ಹಾಸ್ಟೆಲ್ಲಿನ ಮೆಸ್ಸು ಎಲ್ಲವೂ ಪರಿಚಿತ ಕೈಗಳಿಗೇ ಸಿಗಬಹುದು. ಕಾಲೇಜು ಟ್ರಸ್ಟಿನದು, ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ನಡೆಯುವ ನೀಟ್ ತರಬೇತಿ ಬೇರೊಂದು ಕಂಪನಿಯದು. ಪಿಯುಸಿಗೆ ಮಗುವನ್ನು ಸೇರಿಸಿದ ಎಷ್ಟೋ ಅಪ್ಪ-ಅಮ್ಮಂದಿರ ಬಳಿ ಹೀಗೆ ಎರಡು ಹೆಸರಿನ ಎರಡು ರಸೀದಿಗಳಿವೆ. ಟ್ರಸ್ಟನ್ನು ಮಾರುವಂತಿಲ್ಲ, ಆದರೆ ಹಳೇ ಟ್ರಸ್ಟಿಗಳು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಹೊಸಬರು ಬಂದು ಕೂತರೆ ಸಂಸ್ಥೆ ಕೈ ಬದಲಾಯಿಸುತ್ತದೆ. ಇವುಗಳಲ್ಲಿ ಕೆಲವು ಅಪರಾಧ. ಕೆಲವು, ಬೆಲೆ ನ್ಯಾಯವಾಗಿದ್ದರೆ, ಅಪರಾಧವಲ್ಲ. ಬೆಲೆ ನ್ಯಾಯವೇ ಎಂದು ನೋಡಬೇಕಾದರೆ ಪುಸ್ತಕ ತೆರೆದಿರಬೇಕು.

ಪುಸ್ತಕದ ವಿಷಯದಲ್ಲಿ ನಮ್ಮ ನಾಡಿನ ವಿಚಿತ್ರ ನೋಡಿ. ಲಾಭಕ್ಕೆಂದೇ ಹುಟ್ಟಿದ ಪ್ರೈವೇಟ್ ಲಿಮಿಟೆಡ್ ಕಂಪನಿಯ ವಾರ್ಷಿಕ ಲೆಕ್ಕವನ್ನು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೂರು ರೂಪಾಯಿ ಕಟ್ಟಿ ಯಾರು ಬೇಕಾದರೂ ನೋಡಬಹುದು. ಸಮಾಜಕ್ಕಾಗಿಯೇ ಬದುಕಿದ್ದೇವೆ ಎನ್ನುವ, ತೆರಿಗೆ ವಿನಾಯಿತಿ ಪಡೆದ ಟ್ರಸ್ಟಿನ ಲೆಕ್ಕ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ. ಶುಲ್ಕ ಕಟ್ಟಿದ ತಂದೆಗೆ ಅದನ್ನು ನೋಡುವ ಇಂಥದೇ ಸುಲಭ ದಾರಿ ಇಲ್ಲ. ವಿನಾಯಿತಿ ಎಂದರೆ ಸರ್ಕಾರ ಬಿಟ್ಟುಕೊಟ್ಟ ದುಡ್ಡು, ಅಂದರೆ ನಮ್ಮ ದುಡ್ಡು. ಅಂಗಡಿಯವರು ನಮ್ಮಿಂದ ಬೆಲೆಯನ್ನು ಮಾತ್ರ ಪಡೆಯುತ್ತಾರೆ. ಟ್ರಸ್ಟು ಬೆಲೆಯನ್ನೂ, ವಿನಾಯಿತಿಯನ್ನೂ, ಜೊತೆಗೆ ನಮ್ಮ ಗೌರವವನ್ನೂ ಪಡೆಯುತ್ತದೆ. ಹಾಗಿದ್ದ ಮೇಲೆ ಹೆಚ್ಚು ಲೆಕ್ಕ ಒಪ್ಪಿಸಬೇಕಾದವರು ಯಾರು?

ಈ ಮಡಿಯ ಭಾಷೆ ನ್ಯಾಯಾಲಯದೊಳಗೂ ಹೋಗಿದೆ. ವಿದ್ಯಾರ್ಥಿ ಗ್ರಾಹಕನೇ ಎಂಬ ಪ್ರಶ್ನೆಯಲ್ಲಿ ತೀರ್ಪುಗಳು ಒಮ್ಮೆ ಆಚೆ, ಒಮ್ಮೆ ಈಚೆ ವಾಲಿವೆಯಾದರೂ, 2010ರಲ್ಲೂ 2012ರಲ್ಲೂ ಸುಪ್ರೀಂ ಕೋರ್ಟು ಶಿಕ್ಷಣ ಸರಕಲ್ಲ, ಆದ್ದರಿಂದ ವಿದ್ಯಾರ್ಥಿ ಗ್ರಾಹಕ ವೇದಿಕೆಯ ಬಾಗಿಲು ತಟ್ಟುವಂತಿಲ್ಲ ಎಂಬ ನಿಲುವು ತಳೆಯಿತು. ಕೇಳಲು ಎಷ್ಟು ಚೆನ್ನಾಗಿದೆ! ಆಸ್ಪತ್ರೆಗಳ ವಿಷಯದಲ್ಲಿ ಇದೇ ಕೋರ್ಟು 1995ರಲ್ಲಿ ಬೇರೆ ಮಾತು ಹೇಳಿತ್ತು. ಕೆಲವರಿಂದ ಶುಲ್ಕ ಪಡೆದು ಉಳಿದವರಿಗೆ ಬಿಟ್ಟಿ ಚಿಕಿತ್ಸೆ ಕೊಡುವ ಆಸ್ಪತ್ರೆಯೂ ಗ್ರಾಹಕ ಕಾಯ್ದೆಯೊಳಗೇ ಬರುತ್ತದೆ, ಬಿಟ್ಟಿ ಚಿಕಿತ್ಸೆ ಪಡೆದವರಿಗೂ ದೂರು ಕೊಡುವ ಹಕ್ಕಿದೆ ಎಂದಿತ್ತು. ಒಂದೇ ಟ್ರಸ್ಟು, ಒಂದೇ ಕಾಂಪೌಂಡು. ಈ ಕಡೆಯ ಆಸ್ಪತ್ರೆಯಲ್ಲಿ ಮಲಗಿದ ರೋಗಿ ಗ್ರಾಹಕ, ಆ ಕಡೆಯ ವೈದ್ಯಕೀಯ ಕಾಲೇಜಿನಲ್ಲಿ ಲಕ್ಷಗಟ್ಟಲೆ ಕಟ್ಟಿ ಕೂತವಳು ಗ್ರಾಹಕಳಲ್ಲ.

ದುಡಿಯುವವರ ಕಥೆ ಇನ್ನೂ ಸ್ವಾರಸ್ಯದ್ದು. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಬಹುಮತದ ಪರವಾಗಿ ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಮಡಿಯನ್ನು ಬದಿಗಿಟ್ಟು ನೇರವಾಗಿ ನೋಡಿತು. ಮಾಲೀಕ ಮತ್ತು ನೌಕರ ಸೇರಿ ವ್ಯವಸ್ಥಿತವಾಗಿ ಜನರಿಗೆ ಬೇಕಾದ ಸರಕನ್ನೋ ಸೇವೆಯನ್ನೋ ಒದಗಿಸುತ್ತಿದ್ದರೆ ಅದು 1947ರ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ 'ಉದ್ಯಮ'. ಅಲ್ಲಿ ಲಾಭದ ಉದ್ದೇಶವಿದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ. ಧರ್ಮಾರ್ಥ ಸಂಸ್ಥೆ, ಶಿಕ್ಷಣ ಸಂಸ್ಥೆಗಳೂ ಅದರೊಳಗೆ ಬಂದವು. ದಾನ ಮಾಡುವವರು ತಮ್ಮ ನೌಕರರ ಕೂಲಿಯಿಂದ ದಾನ ಮಾಡಬಾರದು ಎಂಬ ಸಾಮಾನ್ಯ ವಿವೇಕ ಆ ತೀರ್ಪಿನ ಹಿಂದಿತ್ತು ಎಂದು ನಾನು ಓದಿಕೊಂಡಿದ್ದೇನೆ.

ಹತ್ತು ವರ್ಷ ಕಳೆದು 1988ರಲ್ಲಿ ಗೋವಾದ ಶಿಕ್ಷಕಿಯೊಬ್ಬರ ಪ್ರಕರಣ ಬಂತು. ಶಾಲೆ ಉದ್ಯಮವೇ ಇರಬಹುದು, ಆದರೆ ಪಾಠ ಹೇಳುವ ಶಿಕ್ಷಕಿ ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕಳಲ್ಲ, ಯಾಕೆಂದರೆ ಆಕೆಯ ಕೆಲಸ ಉದಾತ್ತವಾದದ್ದು ಎಂಬ ತೀರ್ಮಾನವಾಯಿತು. ಅದೇ ಶಾಲೆಯ ಗುಮಾಸ್ತ ಕಾರ್ಮಿಕ, ಬಸ್ಸಿನ ಚಾಲಕ ಕಾರ್ಮಿಕ. ಅವರನ್ನು ಕೆಲಸದಿಂದ ತೆಗೆದರೆ ಕಾರ್ಮಿಕ ನ್ಯಾಯಾಲಯವಿದೆ, ಮೇಷ್ಟ್ರಿಗೆ ಉದಾತ್ತತೆ ಇದೆ! ಖಾಸಗಿ ಶಾಲೆಯ ಶಿಕ್ಷಕರಿಗೆ ಗ್ರಾಚ್ಯುಟಿ ಕೂಡ ಸುಮ್ಮನೆ ಸಿಗಲಿಲ್ಲ. 2004ರಲ್ಲಿ ಕೋರ್ಟು ಅವರು ಗ್ರಾಚ್ಯುಟಿ ಕಾಯ್ದೆಯಡಿ ನೌಕರರಲ್ಲ ಎಂದಿತು, 2009ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಬೇಕಾಯಿತು. ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಪೂರ್ತಿಯಾಗಿಯೋ ಬಹುಪಾಲೋ ಧರ್ಮಾರ್ಥ, ಸಾಮಾಜಿಕ, ಪರೋಪಕಾರಿ ಸೇವೆಯಲ್ಲಿ ತೊಡಗಿದವರು ನಡೆಸುವ ಸಂಸ್ಥೆಗಳನ್ನು 'ಉದ್ಯಮ'ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕೃಷ್ಣ ಅಯ್ಯರ್ ತೆರೆದ ಬಾಗಿಲನ್ನು ಸೇವೆಯ ಹೆಸರಿನಲ್ಲೇ ಮುಚ್ಚಲಾಗಿದೆ.

ಸಂಸ್ಥೆ ವ್ಯಾಪಾರಿಯಲ್ಲ. ವಿದ್ಯಾರ್ಥಿ ಗ್ರಾಹಕನಲ್ಲ. ಮೇಷ್ಟ್ರು ಕಾರ್ಮಿಕರಲ್ಲ. ಮೂರೂ 'ಅಲ್ಲ'ಗಳನ್ನು ಕೂಡಿಸಿದರೆ, ಯಾರೂ ಯಾರಿಗೂ ಏನನ್ನೂ ಕೇಳಲಾಗದ ಒಂದು ಮನೆ ಸಿಗುತ್ತದೆ. 'ನಾವೆಲ್ಲ ಒಂದು ಕುಟುಂಬ' ಎಂದು ಆಡಳಿತ ಮಂಡಳಿಯವರು ಹೇಳುವುದು ಈ ಅರ್ಥದಲ್ಲಿ ನಿಜ. ನಮ್ಮ ಹಳೇ ಕುಟುಂಬಗಳಲ್ಲೂ ದುಡಿಯುವ ಸೊಸೆ ಲೆಕ್ಕ ಕೇಳುವಂತಿರಲಿಲ್ಲ.

ನಾನು ಪಿಎಚ್‌ಡಿಗೆ ಸೇರುವ ಮೊದಲು ಎರಡು ವರ್ಷ ಅಂಥದೊಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದೆ. ಹೆಸರು ಬೇಡ, ಯಾಕೆಂದರೆ ಅದು ಒಂದೇ ಕಾಲೇಜಿನ ಕಥೆಯಲ್ಲ. ತಿಂಗಳಿಗೆ 14,000 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಏಪ್ರಿಲ್, ಮೇ ರಜೆಯಾದ್ದರಿಂದ ಸಂಬಳವಿಲ್ಲ. ಆದರೆ ಅದೇ ಮೇ ತಿಂಗಳಲ್ಲಿ ಕರಪತ್ರ ಹಿಡಿದು ಹಳ್ಳಿ ಹಳ್ಳಿ ಸುತ್ತಿ ಮಕ್ಕಳನ್ನು ನಮ್ಮ ಕಾಲೇಜಿಗೆ ಸೇರಿಸಿ ಎಂದು ಕೇಳಿಕೊಳ್ಳುವ ಕೆಲಸ ನಮ್ಮದೇ. ಸಂಬಳದ ಬಗ್ಗೆ ಕೇಳಿದಾಗ, ವಿದ್ಯಾದಾನ ಮಹಾದಾನ ಅಲ್ಲವೇ ಸರ್, ಎಂದರು. ದಾನ ಕೊಡುತ್ತಿದ್ದವನು ನಾನೇ ಎಂಬುದು ಆಗ ಖಚಿತವಾಯಿತು. ಆ ವರ್ಷ ಕಾಲೇಜಿನ ಮುಂದೆ ಹೊಸ ಕಮಾನು ಎದ್ದಿತು. ಅದನ್ನು ಕಟ್ಟಿದ ಗಾರೆಯವರಿಗೆ ವಿದ್ಯಾದಾನದ ಮಾತು ಯಾರೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಸಾಹಿತ್ಯದ ವಲಯವೂ ಇದರಿಂದ ಹೊರಗಿಲ್ಲ. ಸಮ್ಮೇಳನ, ಉತ್ಸವ ಎಂದರೆ ಪೆಂಡಾಲಿನವರಿಗೆ ಬಿಲ್ಲು, ಮೈಕಿನವರಿಗೆ ಬಿಲ್ಲು, ಅಡುಗೆಯವರಿಗೆ ಮುಂಗಡ. ಕವಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಕವಿತೆಗೆ ದುಡ್ಡು ಕೇಳುವುದು ಅಸಹ್ಯ ಎಂಬ ಭಾವನೆಯನ್ನು ನಾವೇ ಬೆಳೆಸಿಕೊಂಡಿದ್ದೇವೆ. ಸರ್ಕಾರೇತರ ಸಂಸ್ಥೆಗಳಲ್ಲಿ ಕ್ಷೇತ್ರ ಕಾರ್ಯಕರ್ತರಾಗಿರುವ ನನ್ನ ಗೆಳೆಯ ಗೆಳತಿಯರೂ ಇದೇ ಮಾತು ಕೇಳಿದವರು: ನೀವು ಕಾರ್ಪೊರೇಟಿನವರಲ್ಲವಲ್ಲ!

ಇಲ್ಲಿ ಒಂದು ಹಳೇ ಉದಾಹರಣೆ ನೆನಪಿಸಬೇಕು. ಪುಣೆಯಲ್ಲಿ 1884ರಲ್ಲಿ ಶುರುವಾದ ಡೆಕ್ಕನ್ ಎಜುಕೇಷನ್ ಸೊಸೈಟಿಯನ್ನು ನಡೆಸಿದವರು ಅಲ್ಲಿ ಪಾಠ ಹೇಳುವ ಆಜೀವ ಸದಸ್ಯರೇ. ಗೋಪಾಲಕೃಷ್ಣ ಗೋಖಲೆಯವರು ತಿಂಗಳಿಗೆ 75 ರೂಪಾಯಿಗೆ ಇಪ್ಪತ್ತು ವರ್ಷ ದುಡಿಯುವ ಕರಾರಿಗೆ ಒಪ್ಪಿದ್ದರು. ಆಜೀವ ಸದಸ್ಯರು ಹೊರಗೆ ದುಡಿದು ಗಳಿಸಬಹುದೇ ಎಂಬ ಜಗಳವೂ ಸೇರಿ ಬಾಲಗಂಗಾಧರ ತಿಲಕರು 1890ರಲ್ಲಿ ಆ ಸೊಸೈಟಿಗೆ ರಾಜೀನಾಮೆ ಕೊಟ್ಟರು. ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಎಜುಕೇಷನ್ ಸೊಸೈಟಿಯನ್ನು ಕಟ್ಟಿದವರೂ ಏಳು ಜನ ಶಿಕ್ಷಕರು. ಅಂದಿನ ಕಾಲ ಚಿನ್ನದ್ದು ಎಂದು ನಾನು ಹೇಳುತ್ತಿಲ್ಲ. ಆದರೆ ಪುಣೆಯ ಆ ಕರಾರಿನಲ್ಲಿ ತ್ಯಾಗದ ಭಾರ ಬಿದ್ದದ್ದು ಅಧಿಕಾರ ಇದ್ದವರ ಹೆಗಲ ಮೇಲೆ. ಸಂಸ್ಥೆ ಯಾರ ಕೈಯಲ್ಲಿತ್ತೋ ಅವರ ಸಂಬಳಕ್ಕೇ ಮಿತಿ ಇತ್ತು. ಇಂದು ಅಧಿಕಾರ ಮೇಲೆ, ತ್ಯಾಗ ಕೆಳಗೆ. ಸೇವೆ ಮಾಡುತ್ತೇವೆ ಎನ್ನುವವರು ಒಬ್ಬರು, ಮಾಡುವವರು ಇನ್ನೊಬ್ಬರು.

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಉದಾರ ಆರ್ಥಿಕತೆಯ ಗೆಳೆಯರದು: ಈ ನಾಟಕವೇ ಬೇಡ, ಶಿಕ್ಷಣವನ್ನು ಲಾಭದ ಉದ್ದಿಮೆ ಎಂದು ಬಹಿರಂಗವಾಗಿ ಒಪ್ಪಿಕೊಳ್ಳೋಣ, ಆಗ ತೆರಿಗೆಯೂ ಬರುತ್ತದೆ, ಲೆಕ್ಕವೂ ಹೊರಬರುತ್ತದೆ. ಈ ವಾದದ ಪ್ರಾಮಾಣಿಕತೆ ನನಗೆ ಇಷ್ಟ, ತೀರ್ಮಾನ ಒಪ್ಪಿಗೆಯಿಲ್ಲ. ಟೊಮೆಟೊ ಕೊಳೆತಿದ್ದರೆ ನಾಳೆ ಇನ್ನೊಂದು ಅಂಗಡಿಗೆ ಹೋಗಬಹುದು. ಇಂಜಿನಿಯರಿಂಗ್ ಪದವಿ ಕೊಳೆತಿದೆ ಎಂದು ಗೊತ್ತಾಗುವ ಹೊತ್ತಿಗೆ ನಾಲ್ಕು ವರ್ಷ ಕಳೆದಿರುತ್ತದೆ, ಜಮೀನು ಅಡವಿಟ್ಟಾಗಿರುತ್ತದೆ, ವಯಸ್ಸು ಇಪ್ಪತ್ತೆರಡಾಗಿರುತ್ತದೆ. ಕೊಳ್ಳುವವರು ಸರಕಿನ ಗುಣ ಅಳೆಯಲಾಗದ ಕಡೆಯಲ್ಲೇ ಲಾಭರಹಿತ ರೂಪಕ್ಕೆ ಅರ್ಥವಿದೆ ಎಂದು ಹ್ಯಾನ್ಸ್‌ಮನ್ ವಾದಿಸಿದ್ದು ಇದೇ ಕಾರಣಕ್ಕೆ. ಗುಣ ಕಡಿಮೆ ಮಾಡಿ ದುಡ್ಡು ಉಳಿಸಿದರೂ ಅದನ್ನು ಮನೆಗೆ ಒಯ್ಯಲಾಗದಿದ್ದರೆ ಮೋಸಕ್ಕೆ ಕಾರಣ ಕಡಿಮೆಯಾಗುತ್ತದೆ. ಬೀಗ ಸಡಿಲವಾಗಿದೆ ಎಂದು ಬಾಗಿಲನ್ನೇ ಕಿತ್ತು ಹಾಕುವುದು ಜಾಣತನವಲ್ಲ.

ಎರಡನೆಯದು ನಮ್ಮವರದೇ: ಲೆಕ್ಕ, ಬಿಲ್ಲು, ಗ್ರಾಹಕ, ಕಾರ್ಮಿಕ ಎಂದೆಲ್ಲ ಮಾತಾಡಿದರೆ ಗುರು-ಶಿಷ್ಯ ಸಂಬಂಧವೂ ಮಾರುಕಟ್ಟೆಯ ಭಾಷೆಗೆ ಇಳಿಯುವುದಿಲ್ಲವೇ? ಈ ಅಳುಕು ನನಗೂ ಇದೆ. ತರಗತಿಯೊಳಗೆ ಒಂದು ಕವಿತೆ ಹತ್ತಿಕೊಂಡಾಗ ಅಲ್ಲಿ ಆಗುವುದು ವ್ಯವಹಾರವಲ್ಲ ಎಂಬುದು ಪಾಠ ಮಾಡಿದವರಿಗೆಲ್ಲ ಗೊತ್ತು. ಆದರೆ ಆ ಸಂಬಂಧವನ್ನು ಕಾಪಾಡುವ ಹೊಣೆಯನ್ನು ಫೀಜು ಕೌಂಟರಿನ ಗುಟ್ಟಿಗೆ ವಹಿಸಬೇಕಾಗಿಲ್ಲ. ಸಂಬಳ ಸರಿಯಾಗಿ ಬಂದ ಮೇಷ್ಟ್ರು ಕುಮಾರವ್ಯಾಸನನ್ನು ಕೆಟ್ಟದಾಗಿ ಓದುತ್ತಾರೆಂದು ಯಾರೂ ತೋರಿಸಿಲ್ಲ.

ಹಾಗಾದರೆ ಬೇಕಾದದ್ದೇನು? ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಬಹುಪಾಲು ಸಂಸ್ಥೆಗಳು ಪ್ರತಿ ವರ್ಷ 990 ಎಂಬ ನಮೂನೆ ತುಂಬುತ್ತವೆ. ಮುಖ್ಯ ಅಧಿಕಾರಿಗಳ ಸಂಬಳ, ಒಳಗಿನವರ ಜೊತೆಗಿನ ವ್ಯವಹಾರ ಅದರಲ್ಲಿರುತ್ತದೆ, ಕೇಳಿದವರಿಗೆ ತೋರಿಸಲೇಬೇಕು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಿಕ್ಷಣ ಸಂಸ್ಥೆಗಳು ಲಾಭರಹಿತ ಸಂಸ್ಥೆಗಳಂತೆ ಲೆಕ್ಕ ಪರಿಶೋಧನೆಗೆ ಒಳಪಟ್ಟು, ಮಿಗುತಾಯವನ್ನು ಶಿಕ್ಷಣಕ್ಕೇ ಹಾಕಿ, ಹಣಕಾಸನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ಬರೆದಿಟ್ಟಿದೆ. ಬರೆದದ್ದನ್ನು ರಾಜ್ಯ ನಿಯಮವಾಗಿ ತರಲಿ. ಪ್ರತಿ ಖಾಸಗಿ ಕಾಲೇಜಿನ ಸೂಚನಾ ಫಲಕದಲ್ಲಿ ನಾಲ್ಕು ಸಂಗತಿಗಳಿರಲಿ: ಒಟ್ಟು ಶುಲ್ಕ ಎಷ್ಟು ಬಂತು, ಅದರಲ್ಲಿ ಬೋಧಕರ ಸಂಬಳಕ್ಕೆ ಎಷ್ಟು ಹೋಯಿತು, ಟ್ರಸ್ಟಿಗಳಿಗೂ ಅವರ ನೆಂಟರಿಗೂ ಅವರ ಕಂಪನಿಗಳಿಗೂ ಬಾಡಿಗೆ, ಸಂಬಳ, ಕಾಂಟ್ರಾಕ್ಟಿನ ರೂಪದಲ್ಲಿ ಎಷ್ಟು ಹೋಯಿತು, ಉಳಿದದ್ದು ಎಲ್ಲಿದೆ. ನಿಜವಾಗಿ ಸೇವೆ ಮಾಡುವ ಸಂಸ್ಥೆಗಳು ನಮ್ಮ ನಡುವೆ ಬೇಕಾದಷ್ಟಿವೆ. ಈ ಫಲಕದಿಂದ ಅವಕ್ಕೆ ನಷ್ಟವೇನೂ ಇಲ್ಲ. ಇಂದು ಅವುಗಳ ಒಳ್ಳೆಯ ಹೆಸರನ್ನು ಬಿಟ್ಟಿಯಾಗಿ ಬಳಸಿಕೊಳ್ಳುತ್ತಿರುವವರಿಗೆ ಮಾತ್ರ ನಷ್ಟ.

ನಿಯಮ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಸರ್ಕಾರದಿಂದ ಗಣನೀಯ ಅನುದಾನ ಪಡೆಯುವ ಸಂಸ್ಥೆಗಳು ಮಾಹಿತಿ ಹಕ್ಕು ಕಾಯ್ದೆಯೊಳಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟು 2019ರ ಡಿ.ಎ.ವಿ. ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಹೇಳಿದೆ. ಅನುದಾನಿತ ಕಾಲೇಜುಗಳಲ್ಲಿ ಓದುವವರು ಹತ್ತು ರೂಪಾಯಿಯ ಅರ್ಜಿಯೊಂದನ್ನು ಬರೆದು ನೋಡಬಹುದು. ಸೆಮಿನಾರ್ ಮಾಡುವವರು ಮುಂದಿನ ಸಲ 'ವ್ಯಾಪಾರೀಕರಣ'ದ ಮೇಲೆ ಇನ್ನೊಂದು ಪ್ರಬಂಧ ಬರೆಯುವ ಮೊದಲು, ತಮಗೆ ಹಾಲು ಕೊಟ್ಟ, ಊಟ ಹಾಕಿದ ಆ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ರಜೆಯ ಸಂಬಳ ಸಿಗುತ್ತದೆಯೇ ಎಂದು ವೇದಿಕೆಯ ಮೇಲಿಂದಲೇ ಕೇಳಲಿ. ಉತ್ತರವಾಗಿ ಅಧ್ಯಕ್ಷರು ಸೇವೆಯ ಮಾತು ತೆಗೆದರೆ, ಒಳ್ಳೆಯದು ಸರ್, ಹಾಗಿದ್ದರೆ ಲೆಕ್ಕದ ಪುಸ್ತಕ ತರಿಸಿ ಎನ್ನೋಣ.